ಮುಪ್ಪಿನಲ್ಲಿ ಎಲುಬಿನ ಆರೈಕೆ: ಮೊದಲ ಮುರಿತವೇ ಎಚ್ಚರಿಕೆ



ರಕ್ತದೊತ್ತಡ, ಸಕ್ಕರೆ ಕಾಯಿಲೆಗಳ ಬಗ್ಗೆ ಈಗ ಹಳ್ಳಿಗಳಲ್ಲಿಯೂ ತಿಳಿವಳಿಕೆ ಬಂದಿದೆ. ಆದರೆ ಎಲುಬಿನ (ಮೂಳೆಯ) ವಿಚಾರ ನಮಗೆ ನೆನಪಾಗುವುದು ಅದು ಮುರಿದ ಮೇಲೆಯೇ. ಮುರಿದ ಮೇಲೂ "ವಯಸ್ಸಾಯಿತು, ಇನ್ನೇನು ಮಾಡುವುದು" ಎಂದು ಹಿರಿಯರನ್ನು ಮಂಚದ ಮೇಲೆ ಮಲಗಿಸಿಬಿಡುವ ಮನೆಗಳು ಬಹಳ. ಹಿರಿಯರು ಕೂಡ "ಮಕ್ಕಳಿಗೆ ಖರ್ಚು ಬೇಡ" ಎಂದು ನೋವು ನುಂಗಿಕೊಂಡು ಸುಮ್ಮನಿರುತ್ತಾರೆ. ಹೀಗೆ ಸುಮ್ಮನಿರುವುದರಿಂದ ಖರ್ಚು ಉಳಿಯುವುದಿಲ್ಲ, ಜೀವವೂ ಉಳಿಯದೆ ಹೋಗಬಹುದು.

ಎಲುಬಿನ ಆರೈಕೆ ಶ್ರೀಮಂತರಿಗೆ ಮಾತ್ರ ಸಾಧ್ಯವೆಂದು ತಿಳಿಯಬೇಡಿ. ಅದರ ಹೆಚ್ಚಿನ ಭಾಗ ಊಟದ ತಾಟಿನಲ್ಲಿ, ಅಂಗಳದ ಬಿಸಿಲಿನಲ್ಲಿ, ಬಚ್ಚಲುಮನೆಯ ನೆಲದ ಮೇಲೆ ನಡೆಯುತ್ತದೆ. ಎಲ್ಲಿ ಹಣ ಖರ್ಚು ಮಾಡಬೇಕು, ಎಲ್ಲಿ ಮಾಡಬೇಕಾಗಿಲ್ಲ ಎಂಬುದನ್ನು ಈ ಹಾಳೆಯಲ್ಲಿ ತಿಳಿಸಲಾಗಿದೆ. ದಯವಿಟ್ಟು ಪೂರ್ತಿ ಓದಿರಿ.

ಎಲುಬು ಕಲ್ಲಲ್ಲ, ಜೀವವಿರುವ ವಸ್ತು

ನಮ್ಮ ಎಲುಬಿನಲ್ಲಿ ಹಳೆಯ ಭಾಗ ಕರಗುತ್ತಾ ಹೊಸ ಭಾಗ ಕಟ್ಟುತ್ತಾ ಇರುತ್ತದೆ. ಸುಮಾರು 30 ವರ್ಷದವರೆಗೆ ಕಟ್ಟುವ ಕೆಲಸ ಹೆಚ್ಚು. ಆಮೇಲೆ ನಿಧಾನವಾಗಿ ಕರಗುವುದೇ ಹೆಚ್ಚಾಗುತ್ತದೆ. ಹೆಂಗಸರಲ್ಲಿ ಮುಟ್ಟು ನಿಂತ ಮೇಲೆ ಈಸ್ಟ್ರೋಜನ್ ಎಂಬ ಹಾರ್ಮೋನು ಕಡಿಮೆಯಾಗುವುದರಿಂದ ಮೊದಲ ಕೆಲವು ವರ್ಷಗಳಲ್ಲಿ ಎಲುಬು ಬಹಳ ಬೇಗ ಸೊರಗುತ್ತದೆ. ಹುಳು ತಿಂದ ತೊಲೆ ಹೊರಗಿನಿಂದ ಗಟ್ಟಿಯಾಗಿ ಕಂಡರೂ ಒಳಗೆ ಟೊಳ್ಳಾಗಿರುವಂತೆ ಎಲುಬು ಟೊಳ್ಳಾಗುತ್ತದೆ. ಇದನ್ನೇ ವೈದ್ಯರು ಆಸ್ಟಿಯೋಪೊರೋಸಿಸ್ ಎನ್ನುತ್ತಾರೆ.

ಈ ಕಾಯಿಲೆಗೆ ನೋವಿಲ್ಲ. ಆದ್ದರಿಂದಲೇ ಅದು ಅಪಾಯಕಾರಿ. ಮೊಣಕಾಲು ನೋವು, ಕೀಲು ಹಿಡಿದುಕೊಳ್ಳುವುದು ಬೇರೆ. ಅದು ಕೀಲಿನ ಸವೆತ. ಎಷ್ಟೋ ಜನ ಎರಡನ್ನೂ "ಎಲುಬು ಸವೆದಿದೆ" ಎಂದೇ ಕರೆಯುತ್ತಾರೆ. ಮೊಣಕಾಲಿಗೆ ನೋವಿನ ಗುಳಿಗೆ ನುಂಗಿದರೆ ಎಲುಬು ಗಟ್ಟಿಯಾಗುವುದಿಲ್ಲ. ಮೊಣಕಾಲು ಚೆನ್ನಾಗಿದೆ ಎಂದ ಮಾತ್ರಕ್ಕೆ ಎಲುಬು ಗಟ್ಟಿಯಾಗಿದೆ ಎಂದೂ ಅರ್ಥವಲ್ಲ.

ಇದು ಅಪರೂಪದ ಕಾಯಿಲೆಯೂ ಅಲ್ಲ. 50 ವರ್ಷ ದಾಟಿದ ಮೂವರು ಹೆಂಗಸರಲ್ಲಿ ಒಬ್ಬರಿಗೆ, ಐವರು ಗಂಡಸರಲ್ಲಿ ಒಬ್ಬರಿಗೆ ಮುಂದಿನ ಜೀವನದಲ್ಲಿ ಇಂತಹ ಮುರಿತ ಆಗುತ್ತದೆ ಎಂಬುದು ಜಗತ್ತಿನ ಒಟ್ಟು ಲೆಕ್ಕ.

ಯಾರಿಗೆ ಅಪಾಯ ಹೆಚ್ಚು?

1. ಮುಟ್ಟು ನಿಂತ ಹೆಂಗಸರು. ಅದರಲ್ಲಿಯೂ 45 ವರ್ಷಕ್ಕೆ ಮೊದಲೇ ಮುಟ್ಟು ನಿಂತವರು, ಚಿಕ್ಕ ವಯಸ್ಸಿನಲ್ಲಿ ಗರ್ಭಕೋಶದ ಜೊತೆ ಅಂಡಾಶಯಗಳನ್ನೂ ತೆಗೆಸಿಕೊಂಡವರು. ಇಂತಹ ತಾಯಂದಿರು ಮುಪ್ಪಿನವರೆಗೆ ಕಾಯದೆ ಈಗಲೇ ಎಲುಬಿನ ಬಗ್ಗೆ ವೈದ್ಯರನ್ನು ಕೇಳಬೇಕು.

2. ಹಿಂದೆ ಸಣ್ಣ ಪೆಟ್ಟಿಗೇ ಎಲುಬು ಮುರಿದವರು. ತಂದೆ ಅಥವಾ ತಾಯಿಗೆ ಸೊಂಟದ ಕೀಲಿನ ಎಲುಬು ಮುರಿದಿದ್ದವರು.

3. ತೀರಾ ತೆಳ್ಳಗಿರುವವರು, ಹೊಟ್ಟೆ ತುಂಬ ಊಟವಿಲ್ಲದವರು.

4. ಬೀಡಿ, ಸಿಗರೇಟು, ತಂಬಾಕು, ಸಾರಾಯಿ ಚಟವಿರುವವರು.

5. ಸ್ಟೆರಾಯ್ಡ್ ಗುಳಿಗೆಗಳನ್ನು ಮೂರು ತಿಂಗಳಿಗಿಂತ ಹೆಚ್ಚು ಕಾಲ ತೆಗೆದುಕೊಂಡವರು. ದಮ್ಮು, ಕೀಲುವಾತಗಳಿಗೆ ವೈದ್ಯರೇ ಇವನ್ನು ಕೊಡಬೇಕಾಗುತ್ತದೆ. ಆದರೆ ಚೀಟಿಯಿಲ್ಲದೆ ಸಿಗುವ, ಹೆಸರಿಲ್ಲದ ಪುಡಿ ಮತ್ತು ಗುಳಿಗೆಗಳಲ್ಲಿಯೂ ಇವು ಬೆರೆತಿರಬಹುದು. ಒಂದೇ ದಿನದಲ್ಲಿ ನೋವು ಮಾಯ, ಹಸಿವು ಹೆಚ್ಚು, ಮುಖ ತುಂಬಿಕೊಂಡಿತು ಎಂದರೆ ಸಂಶಯಪಡಿರಿ. ಬಹಳ ದಿನಗಳಿಂದ ನುಂಗುತ್ತಿದ್ದರೆ ತಾವಾಗಿಯೇ ಥಟ್ಟನೆ ನಿಲ್ಲಿಸಬೇಡಿ, ಅದರಿಂದ ಪ್ರಾಣಾಪಾಯ ಉಂಟು. ಗುಳಿಗೆಯನ್ನು ತಂದು ವೈದ್ಯರಿಗೆ ತೋರಿಸಿರಿ.

ಎಲುಬು ಕೊಡುವ ಮೂರು ಸೂಚನೆಗಳು

ನಿಂತ ಎತ್ತರದಿಂದ ಬಿದ್ದಾಗ ಗಟ್ಟಿ ಎಲುಬು ಸಾಮಾನ್ಯವಾಗಿ ಮುರಿಯುವುದಿಲ್ಲ. ಮುರಿದರೆ ಅದು ಕೇವಲ ಪೆಟ್ಟಲ್ಲ, ಎಲುಬು ಸೊರಗಿರುವುದರ ಗುರುತು.

ಮಣಿಕಟ್ಟು: ಬೀಳುವಾಗ ಕೈ ಊರಿ ಮಣಿಕಟ್ಟು ಮುರಿಯುವುದು ಹಲವರಲ್ಲಿ ಮೊದಲ ಸೂಚನೆ. ಪಟ್ಟಿ ಹಾಕಿಸಿ, ಆರು ವಾರದ ಮೇಲೆ ಬಿಚ್ಚಿಸಿ, ಮರೆತುಬಿಡುತ್ತೇವೆ. ಇಲ್ಲಿಯೇ ನಾವು ಎಚ್ಚರಗೊಳ್ಳಬೇಕು.

ಬೆನ್ನು: ಕೊಡ ಎತ್ತುವಾಗ, ಬಗ್ಗಿ ಕಸ ಗುಡಿಸುವಾಗ ಬೆನ್ನಿನಲ್ಲಿ ಚಳುಕು ಬಂದು, ಬೆನ್ನೆಲುಬಿನ ಒಂದು ಮಣಿ ಕುಸಿದಿರಬಹುದು. ಎತ್ತರ ಕಡಿಮೆಯಾಗುವುದು, ಬೆನ್ನು ಗೂನಾಗುವುದು ಇದರ ಪರಿಣಾಮ. ಆದರೆ ಬೆನ್ನು ನೋವಿನ ಜೊತೆ ಜ್ವರ, ತೂಕ ಇಳಿಯುವುದು, ಕಾಲುಗಳಲ್ಲಿ ಶಕ್ತಿ ಕಡಿಮೆಯಾಗುವುದು, ಮಲಮೂತ್ರದ ಹಿಡಿತ ತಪ್ಪುವುದು ಕಂಡರೆ ತಡಮಾಡದೆ ಬನ್ನಿರಿ. ಅದು ಬೆನ್ನೆಲುಬಿನ ಕ್ಷಯವೋ, ಗಡ್ಡೆಯೋ ಆಗಿರಬಹುದು.

ಸೊಂಟದ ಕೀಲು: ತೊಡೆಯ ಎಲುಬಿನ ಮೇಲ್ತುದಿ ಮುರಿಯುವುದು ಎಲ್ಲಕ್ಕಿಂತ ದೊಡ್ಡ ಅಪಾಯ. ಬಿದ್ದ ಹಿರಿಯರು ಏಳಲಾರರು, ಕಾಲು ಎತ್ತಲಾರರು, ತೊಡೆಸಂದಿನಲ್ಲಿ ನೋವೆನ್ನುತ್ತಾರೆ. ಆ ಕಾಲು ಗಿಡ್ಡವಾಗಿ, ಪಾದ ಹೊರಕ್ಕೆ ತಿರುಗಿಕೊಂಡಂತೆ ಕಾಣುತ್ತದೆ. ಕೆಲವರು ಮುರಿದಿದ್ದರೂ ಕುಂಟುತ್ತಾ ನಡೆಯಬಲ್ಲರು. ಆದ್ದರಿಂದ ಬಿದ್ದ ಮೇಲೆ ತೊಡೆಸಂದು ನೋಯುತ್ತಿದ್ದರೆ ಎಕ್ಸ್-ರೇ ತೆಗೆಸಲೇಬೇಕು.

ಹಿರಿಯರು ಬಿದ್ದ ಕೂಡಲೇ ಏನು ಮಾಡಬೇಕು?

• ಎಣ್ಣೆ ಹಚ್ಚಿ ತಿಕ್ಕಬೇಡಿ, ಕಾಲು ಜಗ್ಗಬೇಡಿ, ಎಬ್ಬಿಸಿ ನಡೆಸಲು ಪ್ರಯತ್ನಿಸಬೇಡಿ.

• ಎರಡು ಕಾಲುಗಳ ನಡುವೆ ದಿಂಬು ಅಥವಾ ಮಡಿಚಿದ ಕೌದಿ ಇಟ್ಟು, ಮೆತ್ತನೆಯ ಬಟ್ಟೆಯಿಂದ ಕಾಲುಗಳನ್ನು ಸಡಿಲವಾಗಿ ಕಟ್ಟಿರಿ.

• ಹಲಗೆಯ ಮೇಲೆ ಅಥವಾ ಮಂಚದ ಸಮೇತ ಸಾಗಿಸಿರಿ. ಮೋಟಾರ್ ಸೈಕಲ್ ಮೇಲೆ ನಡುವೆ ಕೂರಿಸಿಕೊಂಡು ತರಬೇಡಿ. 108ಕ್ಕೆ ಕರೆ ಮಾಡಿರಿ.

• ಅವರು ನುಂಗುತ್ತಿರುವ ಎಲ್ಲ ಗುಳಿಗೆಗಳು, ಪಡಿತರ ಚೀಟಿ, ಆಧಾರ್ ಕಾರ್ಡ್ ಜೊತೆಗಿರಲಿ. ರಕ್ತ ತೆಳುವಾಗಿಸುವ ಗುಳಿಗೆ ತೆಗೆದುಕೊಳ್ಳುತ್ತಿದ್ದರೆ ಮೊದಲೇ ತಿಳಿಸಿರಿ.

ಹಳ್ಳಿಯಲ್ಲಿ ಎಲುಬು ಕಟ್ಟುವವರ ಮೇಲೆ ಜನರಿಗೆ ನಂಬಿಕೆ ಇದೆ. ಆದರೆ ಸೊಂಟದ ಕೀಲಿನ ಮುರಿತಕ್ಕೆ ಹೊರಗಿನಿಂದ ಕಟ್ಟು ಹಾಕಿ ಪ್ರಯೋಜನವಿಲ್ಲ. ಅಲ್ಲಿ ಕಳೆದ ಒಂದೊಂದು ದಿನವೂ ಹಿರಿಯರ ಶಕ್ತಿಯನ್ನು ಕುಂದಿಸುತ್ತದೆ.

"ಈ ವಯಸ್ಸಿನಲ್ಲಿ ಆಪರೇಷನ್ ಏಕೆ?"

ಈ ಪ್ರಶ್ನೆಯನ್ನು ಮನೆಯವರು ಕೇಳಿಯೇ ಕೇಳುತ್ತಾರೆ. ಉತ್ತರ ಸರಳವಾಗಿದೆ. ಆಪರೇಷನ್ ಮಾಡುವುದು ಹಿರಿಯರನ್ನು ಮತ್ತೆ ಹರೆಯದವರನ್ನಾಗಿ ಮಾಡಲಿಕ್ಕಲ್ಲ, ಅವರನ್ನು ಹಾಸಿಗೆಯಿಂದ ಎಬ್ಬಿಸಲಿಕ್ಕೆ.

ಸೊಂಟದ ಕೀಲು ಮುರಿದವರು ಸಾಯುವುದು ಹೆಚ್ಚಾಗಿ ಮುರಿತದಿಂದಲ್ಲ, ಮಲಗಿಯೇ ಇರುವುದರಿಂದ. ಬೆನ್ನಿಗೆ ಹಾಸಿಗೆ ಹುಣ್ಣು, ಎದೆಯಲ್ಲಿ ಕಫ ಕಟ್ಟಿ ನ್ಯುಮೋನಿಯಾ, ಮೂತ್ರದ ಸೋಂಕು, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವುದು ಒಂದರ ಹಿಂದೆ ಒಂದು ಬರುತ್ತವೆ. ಒಳ್ಳೆಯ ಸೌಲಭ್ಯವಿರುವ ದೇಶಗಳಲ್ಲಿಯೂ ಇಂತಹ ಐವರಲ್ಲಿ ಒಬ್ಬರಾದರೂ ಒಂದು ವರ್ಷದೊಳಗೆ ತೀರಿಕೊಳ್ಳುತ್ತಾರೆ. ಹಾಗಿದ್ದ ಮೇಲೆ ಮನೆಯಲ್ಲಿ ಮಲಗಿಸಿ ಇಟ್ಟವರ ಗತಿ ಏನೆಂದು ತಾವೇ ಊಹಿಸಬಹುದು.

ಸಾಧ್ಯವಾದಷ್ಟು ಮಟ್ಟಿಗೆ 48 ಗಂಟೆಗಳ ಒಳಗೆ ಆಪರೇಷನ್ ಆಗುವುದು ಒಳ್ಳೆಯದು. ಮುರಿತ ಇರುವ ಜಾಗ ನೋಡಿ ರಾಡು, ಸ್ಕ್ರೂ ಹಾಕುತ್ತಾರೆ ಅಥವಾ ಎಲುಬಿನ ಗುಂಡು ತುದಿಯನ್ನು ಬದಲಿಸುತ್ತಾರೆ. ಸಾಮಾನ್ಯವಾಗಿ ಮರುದಿನವೇ ಕೂರಿಸಿ, ವಾಕರ್ ಹಿಡಿಸಿ ನಿಲ್ಲಿಸುತ್ತಾರೆ. ಆಗ "ಪಾಪ, ನೋವಾಗುತ್ತದೆ, ಮಲಗಿರಲಿ" ಎಂದು ಮನೆಯವರು ತಡೆಯಬೇಡಿ. ಎಬ್ಬಿಸುವುದೇ ಅವರಿಗೆ ಮಾಡುವ ಸೇವೆ. ಬಿದ್ದು ಕೆಲವು ದಿನ ಕಳೆದುಹೋಗಿದ್ದರೂ ಬನ್ನಿರಿ. ತಡವಾಯಿತೆಂದು ಕೈಬಿಡಬೇಡಿ.

ಹಣದ ವಿಷಯ: 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿ.ಪಿ.ಎಲ್. ಪಡಿತರ ಚೀಟಿ ಇರುವ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ಸೌಲಭ್ಯವಿದೆ. ಯಾವ ಆಸ್ಪತ್ರೆಯಲ್ಲಿ, ಯಾವ ಆಪರೇಷನ್‌ಗೆ ಇದು ಸಿಗುತ್ತದೆ, ಮೊದಲು ಸರಕಾರಿ ಆಸ್ಪತ್ರೆಯ ಚೀಟಿ ಬೇಕೇ ಎಂಬುದನ್ನು ದಾಖಲಾಗುವಾಗಲೇ ಕೇಳಿರಿ. ಹೊಲ, ಒಡವೆ ಒತ್ತೆ ಇಡುವ ಮೊದಲು ಈ ಒಂದು ಪ್ರಶ್ನೆ ಕೇಳುವುದನ್ನು ಮರೆಯಬೇಡಿ.

ಮುರಿತ ಕೂಡಿದ ಮೇಲೆ ಕೆಲಸ ಮುಗಿಯಲಿಲ್ಲ

ಒಮ್ಮೆ ಮುರಿದವರಿಗೆ ಎರಡನೆಯ ಮುರಿತದ ಅಪಾಯ ಹೆಚ್ಚು. ಅದರಲ್ಲಿಯೂ ಮೊದಲ ಎರಡು ವರ್ಷ ಬಹಳ ಎಚ್ಚರವಾಗಿರಬೇಕು. ಆದರೆ ಮುರಿದ ಜಾಗಕ್ಕೆ ಚಿಕಿತ್ಸೆ ಸಿಗುತ್ತದೆ, ಸೊರಗಿದ ಎಲುಬಿಗೆ ಸಿಗುವುದಿಲ್ಲ. ಆದ್ದರಿಂದ ಬಿಡುಗಡೆಯಾಗುವ ಮೊದಲು ವೈದ್ಯರನ್ನು ನೇರವಾಗಿ ಕೇಳಿರಿ: "ಸಾಹೇಬರೇ, ಇಷ್ಟು ಸಣ್ಣ ಪೆಟ್ಟಿಗೆ ಇವರ ಎಲುಬು ಏಕೆ ಮುರಿಯಿತು? ಇನ್ನೊಮ್ಮೆ ಮುರಿಯದ ಹಾಗೆ ಏನು ಔಷಧ ಕೊಡುತ್ತೀರಿ?"

ಎಲುಬಿನ ಸಾಂದ್ರತೆ ಅಳೆಯುವ ಡೆಕ್ಸಾ ಯಂತ್ರ ದೊಡ್ಡ ಊರುಗಳಲ್ಲಿ ಮಾತ್ರ ಇದೆ. ಅದು ಸಿಗಲಿಲ್ಲವೆಂದು ಚಿಕಿತ್ಸೆ ನಿಲ್ಲಬೇಕಾಗಿಲ್ಲ. ಹಿರಿಯರಲ್ಲಿ ಸಣ್ಣ ಪೆಟ್ಟಿಗೆ ಸೊಂಟದ ಕೀಲು ಅಥವಾ ಬೆನ್ನಿನ ಮಣಿ ಮುರಿದಿದ್ದರೆ, ಬೇರೆ ಕಾರಣವಿಲ್ಲವೆಂದು ನೋಡಿಕೊಂಡು ವೈದ್ಯರು ಔಷಧ ಆರಂಭಿಸಬಹುದು. ಉಳಿದವರಿಗೆ 2008ರಲ್ಲಿ ಬಳಕೆಗೆ ಬಂದ ಫ್ರ್ಯಾಕ್ಸ್ ಎಂಬ ವಿಧಾನವಿದೆ. ವಯಸ್ಸು, ತೂಕ, ಹಿಂದಿನ ಮುರಿತ ಮುಂತಾದವನ್ನು ಕೇಳಿ, ಯಂತ್ರವಿಲ್ಲದೆಯೂ ಅಪಾಯದ ಅಂದಾಜು ಹಾಕುತ್ತಾರೆ. ಶಿಬಿರಗಳಲ್ಲಿ ಹಿಮ್ಮಡಿಗೆ ಹಚ್ಚಿ ನೋಡುವ ಸಣ್ಣ ಯಂತ್ರದ ಫಲಿತಾಂಶವೊಂದನ್ನೇ ನಂಬಿ ದುಬಾರಿ ಔಷಧ ಕೊಳ್ಳಬೇಡಿ.

ಹೆಚ್ಚಾಗಿ ಬಳಸುವ ಗುಳಿಗೆ ಅಲೆಂಡ್ರೋನೇಟ್, 70 ಮಿ.ಗ್ರಾಂ., ವಾರಕ್ಕೆ ಒಂದೇ ಸಲ. ಕಂಪನಿ ಹೆಸರಿಲ್ಲದ ಜೆನೆರಿಕ್ ಗುಳಿಗೆ ಕಡಿಮೆ ಬೆಲೆಗೆ ದೊರೆಯುತ್ತದೆ. ಜನೌಷಧಿ ಅಂಗಡಿಯಲ್ಲಿ ವಿಚಾರಿಸಿರಿ. ಆದರೆ ಇದನ್ನು ನುಂಗುವ ಕ್ರಮ ತಪ್ಪಬಾರದು:

• ವಾರದಲ್ಲಿ ಒಂದು ದಿನ ಗೊತ್ತು ಮಾಡಿಕೊಳ್ಳಿ. ಉದಾಹರಣೆಗೆ, ಪ್ರತಿ ಸೋಮವಾರ.

• ಬೆಳಿಗ್ಗೆ ಎದ್ದು ಖಾಲಿ ಹೊಟ್ಟೆಯಲ್ಲಿ, ದೊಡ್ಡ ಲೋಟ ಸಾದಾ ನೀರಿನ ಜೊತೆ ನುಂಗಬೇಕು. ಚಹಾ, ಹಾಲಿನ ಜೊತೆ ಬೇಡ.

• ನುಂಗಿ ಅರ್ಧ ಗಂಟೆ ಕೂತಿರಬೇಕು ಅಥವಾ ಅಡ್ಡಾಡಬೇಕು. ಮಲಗಿದರೆ ಅನ್ನನಾಳದಲ್ಲಿ ಹುಣ್ಣಾಗಬಹುದು.

• ಅರ್ಧ ಗಂಟೆಯ ನಂತರವೇ ಚಹಾ, ಉಪಾಹಾರ ಮತ್ತು ಬೇರೆ ಗುಳಿಗೆಗಳು.

ನುಂಗಲು ತೊಂದರೆ ಇರುವವರು, ಅರ್ಧ ಗಂಟೆ ಕೂರಲಾರದವರು, ಮೂತ್ರಪಿಂಡದ ಕಾಯಿಲೆ ಇರುವವರು, ಹಲ್ಲು ಕೀಳಿಸಬೇಕಾದವರು ಮೊದಲೇ ವೈದ್ಯರಿಗೆ ಹೇಳಬೇಕು. ಗುಳಿಗೆ ಆಗದವರಿಗೆ ವರ್ಷಕ್ಕೊಮ್ಮೆ ಕೊಡುವ ಜೊಲೆಡ್ರೋನಿಕ್ ಆಮ್ಲದ ಇಂಜೆಕ್ಷನ್ ಇದೆ. ಈ ಔಷಧಗಳು ಆಜೀವ ಪರ್ಯಂತವಲ್ಲ. ಕೆಲವು ವರ್ಷಗಳ ನಂತರ ವೈದ್ಯರು ಮತ್ತೆ ಪರೀಕ್ಷಿಸಿ ಮುಂದುವರಿಸಬೇಕೋ ಬಿಡಬೇಕೋ ಹೇಳುತ್ತಾರೆ. ಆದರೆ "ನೋವು ಇಲ್ಲವಲ್ಲ" ಎಂದು ನಡುವೆಯೇ ತಾವಾಗಿ ಬಿಡಬೇಡಿ.

ಊಟದ ತಾಟಿನಲ್ಲಿ ಸುಣ್ಣದ ಅಂಶ

ಹಿರಿಯರಿಗೆ ದಿನಕ್ಕೆ ಸುಮಾರು 1000ದಿಂದ 1200 ಮಿ.ಗ್ರಾಂ. ಕ್ಯಾಲ್ಸಿಯಂ (ಸುಣ್ಣದ ಅಂಶ) ಬೇಕು. ನಮ್ಮ ಭಾಗದ ಜೋಳದ ರೊಟ್ಟಿ ಒಳ್ಳೆಯ ಆಹಾರವೇ. ಆದರೆ 100 ಗ್ರಾಂ ಜೋಳದಲ್ಲಿ ಕ್ಯಾಲ್ಸಿಯಂ ಕೇವಲ 25ರಿಂದ 28 ಮಿ.ಗ್ರಾಂ. ಅಷ್ಟೇ ರಾಗಿಯಲ್ಲಿ ಸುಮಾರು 350 ಮಿ.ಗ್ರಾಂ. ಇದೆ. ರೊಟ್ಟಿ ಬಿಡಬೇಕಾಗಿಲ್ಲ, ರೊಟ್ಟಿಯ ಜೊತೆ ಏನು ಸೇರುತ್ತದೆ ಎಂಬುದು ಮುಖ್ಯ.

• ದಿನಕ್ಕೊಮ್ಮೆ ರಾಗಿ ಅಂಬಲಿ, ಮುದ್ದೆ ಅಥವಾ ರಾಗಿ ರೊಟ್ಟಿ.

• ಎರಡು ಲೋಟ ಹಾಲು ಅಥವಾ ಮೊಸರು. ಒಂದು ಲೋಟ (200 ಮಿ.ಲೀ.) ಹಾಲಿನಲ್ಲಿ ಸುಮಾರು 240 ಮಿ.ಗ್ರಾಂ. ಸಿಗುತ್ತದೆ. ಹಾಲು ಹಿಡಿಸದವರು ಮೊಸರು ಉಣ್ಣಬಹುದು. ತೀರಾ ನೀರಾದ ಮಜ್ಜಿಗೆಯನ್ನು ಹಾಲಿನ ಸಮಕ್ಕೆ ಲೆಕ್ಕ ಹಿಡಿಯಬೇಡಿ.

• ಸಿಪ್ಪೆ ತೆಗೆಯದ ಎಳ್ಳು, ಗುರೆಳ್ಳಿನ ಚಟ್ನಿಪುಡಿ ದಿನಾಲೂ ಒಂದು ದೊಡ್ಡ ಚಮಚ. ಎಳ್ಳು ಸಂಕ್ರಮಣಕ್ಕೆ ಮಾತ್ರವಲ್ಲ.

• ನುಗ್ಗೆ ಸೊಪ್ಪು, ಮೆಂತ್ಯ ಸೊಪ್ಪಿನ ಪಲ್ಯ. ನುಗ್ಗೆ ಗಿಡ ಹಿತ್ತಿಲಲ್ಲಿಯೇ ಬೆಳೆಯುತ್ತದೆ, ಕಾಸು ಖರ್ಚಿಲ್ಲ.

• ಬೇಳೆ, ಹೆಸರುಕಾಳು, ಕಡಲೆ, ಶೇಂಗಾ. ಎಲುಬನ್ನು ಹಿಡಿದಿಡುವ ಮಾಂಸಖಂಡಗಳಿಗೆ ಇವು ಬೇಕು.

ಮನೆಯಲ್ಲಿರುವ ಹಾಲೆಲ್ಲ ಮಕ್ಕಳಿಗೆ, ಗಂಡಸರಿಗೆ ಹೋಗಿ ಅಜ್ಜಿಗೆ ಕರಿ ಚಹಾ ಉಳಿಯುವ ರೂಢಿ ಇದ್ದರೆ ಅದನ್ನು ಬದಲಿಸಿರಿ. ಊಟದಿಂದ ಸಾಲದಿದ್ದಾಗ ಮಾತ್ರ ಕ್ಯಾಲ್ಸಿಯಂ ಗುಳಿಗೆ. ಅದನ್ನು ವೈದ್ಯರು ಹೇಳಿದಂತೆ, ಸಾಮಾನ್ಯವಾಗಿ ಊಟದ ಜೊತೆ ತೆಗೆದುಕೊಳ್ಳಬೇಕು. ಮೂತ್ರಕೋಶದಲ್ಲಿ ಹರಳು ಇದ್ದವರು ಕೇಳದೆ ನುಂಗಬಾರದು. ಬಣ್ಣದ ಡಬ್ಬಿಯಲ್ಲಿ ಬರುವ ದುಬಾರಿ ಪುಡಿಗಳ ಅವಶ್ಯಕತೆ ಇಲ್ಲ.

ಬಿಸಿಲು

ಉಂಡ ಕ್ಯಾಲ್ಸಿಯಂ ಮೈಗೆ ಹತ್ತಬೇಕಾದರೆ "ಡಿ" ಜೀವಸತ್ವ ಬೇಕು. ಅದು ಚರ್ಮದ ಮೇಲೆ ಬಿಸಿಲು ಬಿದ್ದಾಗ ತಯಾರಾಗುತ್ತದೆ. ಇಷ್ಟು ಬಿಸಿಲಿರುವ ನಮ್ಮ ದೇಶದಲ್ಲಿಯೂ ಇದರ ಕೊರತೆ ಬಹಳ ಜನರಿಗಿದೆ. ಏಕೆಂದರೆ ಹಿರಿಯರು ಮನೆಯೊಳಗೇ ಇರುತ್ತಾರೆ, ಮೈತುಂಬ ಬಟ್ಟೆ ಇರುತ್ತದೆ, ವಯಸ್ಸಾದ ಚರ್ಮ ಜೀವಸತ್ವವನ್ನು ಕಡಿಮೆ ತಯಾರಿಸುತ್ತದೆ. ಬೆಳಗಿನ 7 ಗಂಟೆಯ ಎಳೆಬಿಸಿಲು ಹಿತವಾಗಿದ್ದರೂ ಈ ಕೆಲಸಕ್ಕೆ ಸಾಲದು. 11ರಿಂದ 2 ಗಂಟೆಯ ಒಳಗೆ ತೋಳು, ಮೊಣಕಾಲಿನ ಕೆಳಗಿನ ಭಾಗಕ್ಕೆ 20ರಿಂದ 30 ನಿಮಿಷ ಬಿಸಿಲು ಬೀಳಲಿ. ಬೇಸಿಗೆಯ ಉರಿಬಿಸಿಲಿನಲ್ಲಿ ಅಷ್ಟು ಹೊತ್ತು ಕೂರಬೇಡಿ. ತಲೆಗೆ ಸೆರಗು ಅಥವಾ ಟವೆಲು ಹಾಕಿಕೊಂಡು, ನೀರು ಕುಡಿದು, ಹತ್ತು ನಿಮಿಷಕ್ಕೆ ಎದ್ದು ಬನ್ನಿರಿ. ಗಾಜಿನ ಕಿಟಕಿಯ ಹಿಂದೆ ಕೂತರೆ ಪ್ರಯೋಜನವಿಲ್ಲ.

ಮೈಕೈ ನೋವು, ನೆಲದಿಂದ ಏಳಲು ಕಷ್ಟ, ಬಾತುಕೋಳಿಯಂತೆ ತೂಗಾಡುವ ನಡಿಗೆ ಇದ್ದರೆ ಈ ಜೀವಸತ್ವ ತೀರಾ ಕಡಿಮೆಯಾಗಿರಬಹುದು. ಇದಕ್ಕೆ 60,000 ಯೂನಿಟ್ಟಿನ ಪುಡಿ ಅಥವಾ ಗುಳಿಗೆಯನ್ನು ವಾರಕ್ಕೊಮ್ಮೆ, ಕೆಲವು ವಾರ ಮಾತ್ರ ಕೊಡುತ್ತಾರೆ. ವಾರಕ್ಕೊಂದನ್ನು ದಿನಕ್ಕೊಂದು ಎಂದು ತಪ್ಪು ತಿಳಿದು ನುಂಗಿದರೆ ಅದು ವಿಷವಾಗಿ ಮೂತ್ರಪಿಂಡ ಕೆಡಬಹುದು. ಚೀಟಿ ಓದಲು ಬಾರದಿದ್ದರೆ ನರ್ಸಮ್ಮನವರಿಂದ ಎರಡು ಸಲ ಕೇಳಿ ತಿಳಿದುಕೊಳ್ಳಿರಿ.

ನಡಿಗೆ ಮತ್ತು ವ್ಯಾಯಾಮ

ಭಾರ ಬಿದ್ದರೇ ಎಲುಬು ಗಟ್ಟಿ. "ಅಜ್ಜ, ನೀವು ಸುಮ್ಮನೆ ಕೂತಿರಿ" ಎಂದು ಎಲ್ಲ ಕೆಲಸ ಬಿಡಿಸುವುದು ಪ್ರೀತಿಯಾದರೂ ಒಳ್ಳೆಯದಲ್ಲ. ದಿನಾಲೂ ಅರ್ಧ ಗಂಟೆ ನಡೆಯಿರಿ. ವಾರಕ್ಕೆ ಮೂರು ದಿನವಾದರೂ ಇವನ್ನು ಮಾಡಿರಿ:

• ಗೋಡೆಗೆ ತಾಗಿಸಿಟ್ಟ ಗಟ್ಟಿ ಕುರ್ಚಿಯಿಂದ ನಿಧಾನವಾಗಿ ಹತ್ತು ಸಲ ಎದ್ದು ಕೂರುವುದು.

• ಗೋಡೆ ಹಿಡಿದು ಹಿಮ್ಮಡಿ ಎತ್ತಿ ಇಳಿಸುವುದು, ಹತ್ತು ಸಲ.

• ಗೋಡೆ ಹಿಡಿದು ಒಂದು ಕಾಲಿನ ಮೇಲೆ ಹತ್ತು ಎಣಿಸುವವರೆಗೆ ನಿಲ್ಲುವುದು.

ಬೆನ್ನಿನ ಮಣಿ ಕುಸಿದವರು ಮುಂದಕ್ಕೆ ಬಗ್ಗುವ ಆಸನಗಳನ್ನು ಮಾಡಬಾರದು, ತುಂಬಿದ ಕೊಡ ಎತ್ತಬಾರದು.

ಬೀಳದಂತೆ ಮನೆಯನ್ನು ಸಜ್ಜುಗೊಳಿಸಿರಿ

ಎಲುಬು ಎಷ್ಟೇ ಸೊರಗಿದ್ದರೂ ಬೀಳದಿದ್ದರೆ ಬಹುತೇಕ ಮುರಿತಗಳು ತಪ್ಪುತ್ತವೆ.

• ಬಚ್ಚಲಿನ ಪಾಚಿಯನ್ನು ವಾರಕ್ಕೊಮ್ಮೆ ತಿಕ್ಕಿ ತೆಗೆಯಿರಿ. ಗೋಡೆಗೆ ಹಿಡಿಯಲು ಒಂದು ಕಬ್ಬಿಣದ ಪೈಪು ಹಾಕಿಸಿರಿ.

• ನುಣುಪು ಕಲ್ಲಿನ ನೆಲದ ಮೇಲೆ ಚೆಲ್ಲಿದ ನೀರು, ಎಣ್ಣೆ ಕೂಡಲೇ ಒರೆಸಿರಿ. ಮಡಿಕೆ ಬಿದ್ದ ಚಾಪೆ, ಜಮಖಾನೆ ತೆಗೆದಿಡಿ.

• ಹೊಸ್ತಿಲು, ಮೆಟ್ಟಿಲ ಅಂಚಿಗೆ ಬಿಳಿ ಸುಣ್ಣದ ಪಟ್ಟಿ ಬಳಿಯಿರಿ.

• ರಾತ್ರಿ ಮೂತ್ರಕ್ಕೆ ಏಳುವ ದಾರಿಯಲ್ಲಿ ಸಣ್ಣ ದೀಪವಿರಲಿ. ಹಾಸಿಗೆ ಪಕ್ಕದಲ್ಲಿ ಬ್ಯಾಟರಿ, ಬಡಿಗೆ ಇರಲಿ. ಬಯಲಿಗೆ ಹೋಗುವ ಬದಲು ಕೋಣೆಯಲ್ಲಿಯೇ ಒಂದು ಪಾತ್ರೆ ಇಡಿ.

• ಥಟ್ಟನೆ ಏಳಬೇಡಿ. ಒಂದು ನಿಮಿಷ ಮಂಚದ ಅಂಚಿನಲ್ಲಿ ಕೂತು ಆಮೇಲೆ ಏಳಿರಿ. ಬಿ.ಪಿ. ಗುಳಿಗೆ ಮತ್ತು ನಿದ್ದೆ ಗುಳಿಗೆ ತೆಗೆದುಕೊಳ್ಳುವವರಿಗೆ ಇದು ಮುಖ್ಯ.

• ಸವೆದ ಹವಾಯಿ ಚಪ್ಪಲಿ ಬದಲಿಸಿರಿ. ಕಣ್ಣಿನ ಪೊರೆ ಇದ್ದರೆ ಆಪರೇಷನ್ ಮಾಡಿಸಿಕೊಳ್ಳಿರಿ. ಕಣ್ಣು ಕಂಡರೆ ಕಾಲು ಎಡವುವುದಿಲ್ಲ.

ಕುಡಿಯುವ ನೀರಿನ ಬಗ್ಗೆ ಒಂದು ಮಾತು

ಗದಗ ಜಿಲ್ಲೆಯ ಮುಂಡರಗಿ, ಕೊಪ್ಪಳ, ರಾಯಚೂರು, ಬಳ್ಳಾರಿ ಭಾಗಗಳ ಎಷ್ಟೋ ಬೋರ್‌ವೆಲ್ಲುಗಳ ನೀರಿನಲ್ಲಿ ಫ್ಲೋರೈಡ್ ಹೆಚ್ಚಿದೆ. ಅದು ಲೀಟರಿಗೆ 1.5 ಮಿ.ಗ್ರಾಂ. ಮೀರಬಾರದು. ವರ್ಷಗಟ್ಟಲೆ ಇಂತಹ ನೀರು ಕುಡಿದರೆ ಹಲ್ಲು ಕಂದುಗಟ್ಟಿ, ಕುತ್ತಿಗೆ ಮತ್ತು ಬೆನ್ನು ಬಿಗಿಯಾಗಿ, ಎಲುಬು ದಪ್ಪವಾಗಿ ಕಂಡರೂ ಪೆಡಸಾಗುತ್ತದೆ. ನೀರು ಕಾಯಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ಕುಡಿಯಲು, ಅಡುಗೆಗೆ ಊರಿನ ಶುದ್ಧ ನೀರಿನ ಘಟಕದ ನೀರನ್ನು ಅಥವಾ ಶುದ್ಧವಾಗಿ ಹಿಡಿದಿಟ್ಟ ಮಳೆನೀರನ್ನು ಬಳಸಿರಿ.

ನೆನಪಿಡಿ

1. ಸಣ್ಣ ಪೆಟ್ಟಿಗೆ ಎಲುಬು ಮುರಿದರೆ ಅದು ವಯಸ್ಸಿನ ಸಹಜ ಗುಣವಲ್ಲ, ಚಿಕಿತ್ಸೆ ಇರುವ ಕಾಯಿಲೆ.

2. ಬಿದ್ದ ಹಿರಿಯರನ್ನು ಮನೆಯಲ್ಲಿ ಮಲಗಿಸಿ ಇಡಬೇಡಿ. ಅದೇ ದಿನ ಕರೆತನ್ನಿರಿ.

3. ಮುರಿತ ಕೂಡಿಸಿದ ಮೇಲೆ ಎಲುಬಿನ ಔಷಧ ಕೇಳಿರಿ.

4. ರಾಗಿ, ಹಾಲು, ಎಳ್ಳು, ಸೊಪ್ಪು, ಬಿಸಿಲು, ನಡಿಗೆ: ಇವು ದಿನನಿತ್ಯದ ಔಷಧ.

5. ಹೆಸರಿಲ್ಲದ ನೋವಿನ ಪುಡಿ ಬೇಡ.

ಈ ಹಾಳೆಯನ್ನು ಓದಿ ಮಡಿಚಿಡಬೇಡಿ. ಮನೆಯಲ್ಲಿ, ಓಣಿಯಲ್ಲಿ ಓದಲು ಬಾರದ ಹಿರಿಯರಿಗೆ ಓದಿ ಹೇಳಿರಿ. ಇಂದು ಸಂಜೆಯೇ ಬಚ್ಚಲಿನ ನೆಲ ಒಮ್ಮೆ ನೋಡಿರಿ.